ದನಿ ಕೂತು ಮೂರು ವಾರ ಆಯ್ತಾ?

ಮಂಡ್ಯ ಕಡೆಯ ಟೀಚರ್ ಒಬ್ಬರು ಮೈಸೂರಿಗೆ, ದನಿಯ ಥೆರಪಿ ಮಾಡುವ ನನ್ನ ಹತ್ರ ಬಂದಿದ್ದರು. ಹೆಸರು ಕೇಳಿದರೆ ಮಾತಿಗಿಂತ ಗಾಳಿಯೇ ಜಾಸ್ತಿ ಬಂತು. "ಆರು ತಿಂಗಳಾಯ್ತು ಮೇಡಂ. ಶುಂಠಿ ಕಷಾಯ, ಜ್ಯೇಷ್ಠಮಧು, ಉಪ್ಪುನೀರು ಎಲ್ಲಾ ಆಯ್ತು" ಅಂದರು. ಅಷ್ಟರಲ್ಲೇ ಎರಡು ಸಲ ಕ್ಯಾಕರಿಸಿದರು. ಮಾತ್ರೆ ಕೊಟ್ಟವರಿದ್ದರು, ಗಂಟಲೊಳಗೆ ಇಣುಕಿ ನೋಡಿದವರು ಯಾರೂ ಇರಲಿಲ್ಲ.

ದನಿ ಹುಟ್ಟುವುದು ಅನ್ನ ಇಳಿಯುವ ದಾರಿಯಲ್ಲಲ್ಲ, ಉಸಿರಿನ ಕೊಳವೆಯ ಬಾಯಲ್ಲಿ. ಮುಕ್ಕಳಿಸಿದ ನೀರು ಅಲ್ಲಿಗೆ ಹೋಗುವುದೇ ಇಲ್ಲ. ಅಲ್ಲಿರುವ ಎರಡು ಧ್ವನಿ ತಂತುಗಳು ಹೆಂಗಸರು ಮಾತಾಡುವಾಗ ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಗುತ್ತವೆ. ಇನ್ನು ದಿನವಿಡೀ ಕೂಗಿ ಪಾಠ ಮಾಡಿದರೆ?

"ಒಂದೇ ಉಸಿರಿಗೆ ಆ ಅನ್ನಿ" ಅಂದೆ. ಆರೋಗ್ಯವಾಗಿರುವವರು 15 ಸೆಕೆಂಡಾದರೂ ಎಳೆಯುತ್ತಾರೆ. ಇವರದು ಆರಕ್ಕೇ ನಿಂತಿತು. ಇಎನ್‌ಟಿ ಡಾಕ್ಟರ್ ಸ್ಟ್ರೋಬೋಸ್ಕೋಪಿ ಮಾಡಿದರು. ಮಿನುಗುವ ಬೆಳಕಿನಲ್ಲಿ ತಂತುಗಳ ಅದುರಾಟ ನಿಧಾನವಾಗಿ ಕಾಣುವ ಪರೀಕ್ಷೆ ಅದು. ಎರಡೂ ಕಡೆ ಎದುರುಬದುರಾಗಿ ಪುಟ್ಟ ಗಂಟುಗಳಿದ್ದವು. ಗುದ್ದಲಿ ಹಿಡಿದ ಅಂಗೈ ಜಡ್ಡುಗಟ್ಟುತ್ತದಲ್ವಾ, ಹಾಗೇ.

"ಗಂಟು ಅಂದ್ರೆ ಕ್ಯಾನ್ಸರಾ?" ಅಂತ ಹೆದರಿದರು. ಅಲ್ಲ. ಇವು ಕ್ಯಾನ್ಸರ್ ಆಗುವುದಿಲ್ಲ, ಬಹುತೇಕ ಆಪರೇಷನ್ನೂ ಬೇಡ. ಕೂಗುವ ಅಭ್ಯಾಸ ಬಿಡದೆ ತೆಗೆಸಿದರೆ ಮತ್ತೆ ಬರುತ್ತವೆ.

ಅದಕ್ಕೇ ಒಂದು ಅಭ್ಯಾಸ ಹೇಳಿಕೊಟ್ಟೆ. ಅರ್ಧ ಲೋಟ ನೀರಿಗೆ ಸ್ಟ್ರಾ ಇಳಿಸಿ, ತುಟಿ ಬಿಗಿಯಾಗಿ ಮುಚ್ಚಿ, ಮೆಲ್ಲಗೆ "ಊ" ಅನ್ನಬೇಕು. ಗುಳುಗುಳು ಗುಳ್ಳೆ ಏಳುತ್ತದೆ. ಆಗ ಬಾಯಿಂದ ಹಿಂದಕ್ಕೆ ಬೀಳುವ ಒತ್ತಡದಿಂದ ತಂತುಗಳು ಬಡಿದಾಡದೆ ಹಗುರಾಗಿ ತಾಗುತ್ತವೆ. "ಇಷ್ಟೇನಾ ಮೇಡಂ?" ಅಂದರು. ಇಷ್ಟೇ, ಆದರೆ ದಿನಕ್ಕೆ ನಾಲ್ಕೈದು ಸಲ, ತಪ್ಪದೆ. ಕ್ಯಾಕರಿಸಬೇಕು ಅನಿಸಿದಾಗ ಒಂದು ಗುಟುಕು ನೀರು. ಪಿಸುಮಾತೂ ಬೇಡ, ಅದರಲ್ಲೂ ಬಹಳ ಜನ ಗಂಟಲು ಬಿಗಿ ಹಿಡಿಯುತ್ತಾರೆ.

ಎಲ್ಲರದೂ ಗಂಟೇ ಆಗಿರುವುದಿಲ್ಲ. ಥೈರಾಯ್ಡ್ ಆಪರೇಷನ್ ಆದಮೇಲೆ ದನಿ ಹೋದರೆ ನರಕ್ಕೆ ಪೆಟ್ಟಾಗಿರಬಹುದು. ನನಗೆ ಜಾಸ್ತಿ ಭಯ ಬೀಡಿ, ಸಿಗರೇಟು ಸೇದುವವರದು. ಧ್ವನಿ ತಂತುವಿನ ಕ್ಯಾನ್ಸರ್ ಮೊದಲು ತೋರಿಸುವುದೇ ಗೊಗ್ಗರು ದನಿ. ಆಗಲೇ ಬಂದರೆ ಹೆಚ್ಚಿನವರು ಗುಣವಾಗುತ್ತಾರೆ. ಮೂರು ವಾರ ದಾಟಿದರೆ ಸುಮ್ನೆ ಕಾಯಬೇಡಿ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ, ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಇಎನ್‌ಟಿ ವಿಭಾಗವಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇದಕ್ಕೆಂದೇ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ.

ಎಂಟು ವಾರ ಕಳೆದು ಟೀಚರ್ "ಆ" ಅಂದಾಗ ಗಡಿಯಾರ ಹದಿಮೂರು ಸೆಕೆಂಡು ತೋರಿಸಿತು. ಕ್ಲಾಸಿಗೆ ಸೊಂಟಕ್ಕೆ ಕಟ್ಟುವ ಸಣ್ಣ ಮೈಕ್ ತಗೊಂಡಿದ್ದಾರೆ. ಚೂರು ಗೊಗ್ಗರು ಉಳಿದಿದೆ, ಇನ್ನೂ ನಾಲ್ಕು ವಾರ ಬರಬೇಕು.