ಹರಿದ ಭುಜಕ್ಕೆ ಸ್ವಂತ ಸ್ನಾಯುರಜ್ಜುವಿನ ತೇಪೆ

ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ 75 ಕಿಲೋ ಭತ್ತದ ಚೀಲ ಹೊರುವ ಹಮಾಲರಿಗೆ ಭುಜನೋವು ಹೊಸದಲ್ಲ. ಎಣ್ಣೆ ತಿಕ್ಕಿಕೊಂಡು, ಮಾತ್ರೆ ನುಂಗಿ ಮರುದಿನ ಮತ್ತೆ ಲಾರಿಗೆ ಬೆನ್ನು ಕೊಡುತ್ತಾರೆ. ತಲೆ ಬಾಚಲೂ ಕೈ ಮೇಲೇಳದಾದಾಗ ಕೊಪ್ಪಳದ ಆಸ್ಪತ್ರೆಗೋ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಬರುತ್ತಾರೆ.

ತೋಳಿನ ಮೂಳೆಯ ಗುಂಡನ್ನು ಅದರ ಗುಳಿಯಲ್ಲಿ ಹಿಡಿದಿಡುವುದು ರೊಟೇಟರ್ ಕಫ್, ಅಂದರೆ ನಾಲ್ಕು ಸ್ನಾಯುಗಳನ್ನು ಮೂಳೆಗೆ ಕಟ್ಟುವ ಹಗ್ಗದಂಥ ರಜ್ಜುಗಳು. ಅದು ಹರಿದರೆ ಹೊಲಿಯಬಹುದು ಎಂದು 1911ರಲ್ಲೇ ಬೋಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್ಮನ್ ಬರೆದಿದ್ದರು. ಸಣ್ಣ ಸೀಳಿಗೆ ಹೊಲಿಗೆ ಸಾಕು. ದೊಡ್ಡದಾದರೆ ರಜ್ಜು ಹಿಂದಕ್ಕೆ ಸರಿದು ಮೂಳೆಯವರೆಗೆ ಎಳೆಯಲು ಬರುವುದಿಲ್ಲ. ಬಲವಂತವಾಗಿ ಎಳೆದು ಹೊಲಿದರೆ ಮತ್ತೆ ಬಿಟ್ಟುಕೊಳ್ಳುತ್ತದೆ. 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆರ್ತ್ರೋಸ್ಕೋಪ್‌ನಿಂದ (ಸಣ್ಣ ರಂಧ್ರದ ಮೂಲಕ ಕೀಲಿನೊಳಗೆ ನೋಡುವ ಕೊಳವೆ) ದೊಡ್ಡ ಸೀಳು ಹೊಲಿಸಿಕೊಂಡ 18 ಜನರಲ್ಲಿ 17 ಮಂದಿಯ ಸ್ಕ್ಯಾನಿಂಗ್‌ನಲ್ಲಿ ಅದು ಮತ್ತೆ ಹರಿದಿರುವುದು ಕಂಡುಬಂತು. ಆದರೂ ಹಲವರಿಗೆ ನೋವು ಕಡಿಮೆಯಾಗಿತ್ತು ಎಂಬುದನ್ನೂ ಹೇಳಬೇಕು.

ನಡುವಿನ ಅಂತರ ತುಂಬಲು ಏನು ಹಾಕುವುದು? ಮೃತ ದಾನಿಗಳ ಅಂಗಾಂಶ, ಪ್ರಾಣಿಗಳ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್, ಕೃತಕ ಬಲೆ, ಎಲ್ಲವನ್ನೂ ವೈದ್ಯರು ಪ್ರಯತ್ನಿಸಿದ್ದಾರೆ. ಜಪಾನಿನ ತೆರುಹಿಸಾ ಮಿಹಾತಾ ರೋಗಿಯ ತೊಡೆಯಿಂದಲೇ ಫೇಷಿಯಾ ಲಾಟಾ ಎಂಬ ಗಟ್ಟಿ ಪೊರೆ ತೆಗೆದು ಮಡಚಿ ಭುಜದ ಮೇಲ್ಭಾಗಕ್ಕೆ ಕಟ್ಟಿದರು. 2013ರಲ್ಲಿ ಪ್ರಕಟವಾದ ಫಲಿತಾಂಶ ಲೋಕದ ಗಮನ ಸೆಳೆಯಿತು. ಆದರೆ ತೊಡೆಯಲ್ಲೂ ಗಾಯ, ಅಲ್ಲೂ ನೋವು.

ನನಗೆ ಅದಕ್ಕಿಂತ ಅರ್ಥಪೂರ್ಣವಾಗಿ ಕಾಣುವುದು ತೋಳಿನ ಮುಂಭಾಗದ ಸ್ನಾಯುವಾದ ಬೈಸೆಪ್ಸ್‌ನ ಉದ್ದ ರಜ್ಜು. ಅದು ಕೀಲಿನೊಳಗೇ ಹಾದುಹೋಗುತ್ತದೆ. ಕಫ್ ಹರಿದವರಲ್ಲಿ ಅದೂ ಸವೆದು ನೋವು ಕೊಡುವುದರಿಂದ ವೈದ್ಯರು ಅನೇಕ ವೇಳೆ ಅದನ್ನು ಕತ್ತರಿಸಿ ಬಿಡುತ್ತಾರೆ. ಬಿಸಾಡುವ ಬದಲು ಅದರ ಚೆನ್ನಾಗಿರುವ ತುಂಡನ್ನು ಚಪ್ಪಟೆ ಮಾಡಿ ತೇಪೆಯಾಗಿ ಹೊಲಿಯಬಹುದು. ದೇಹ ಅದನ್ನು ಪರಕೀಯವೆಂದು ತಳ್ಳುವುದಿಲ್ಲ. ತೇಪೆಗೆಂದು ಬೇರೆ ದುಡ್ಡು ಕೊಡಬೇಕಾಗಿಲ್ಲ. ಆಮದು ತೇಪೆಯ ಬೆಲೆ ಕೇಳಿ ಬೆಚ್ಚುವ ಕುಟುಂಬಕ್ಕೆ ಇದು ಚಿಕ್ಕ ಮಾತಲ್ಲ. ರಜ್ಜು ಪೂರ್ತಿ ಸವೆದಿದ್ದರೆ ಮಾತ್ರ ಈ ದಾರಿ ಮುಚ್ಚುತ್ತದೆ.

ತೇಪೆಯಿಂದ ಸತ್ತ ಸ್ನಾಯುವಿಗೆ ಜೀವ ಬರುವುದಿಲ್ಲ. ತಿಂಗಳುಗಟ್ಟಲೆ ಹರಿದೇ ಇದ್ದ ಸ್ನಾಯು ಸೊರಗಿ, ಅದರೊಳಗೆ ಕೊಬ್ಬು ತುಂಬಿಕೊಳ್ಳುತ್ತದೆ. ಆದ್ದರಿಂದ ಎಣ್ಣೆ, ಮಾತ್ರೆಗಳಲ್ಲಿ ಕಳೆಯುವ ಕಾಲವೇ ಇಲ್ಲಿ ದುಬಾರಿ. ಶಸ್ತ್ರಚಿಕಿತ್ಸೆಯ ಬಳಿಕ ಹಲವು ವಾರ ಕೈ ಜೋಳಿಗೆಯಲ್ಲಿರಬೇಕು. ಭಾರ ಎತ್ತಲು ತಿಂಗಳುಗಳೇ ಬೇಕು. ಆ ತಿಂಗಳುಗಳ ಕೂಲಿಯನ್ನು ಹಮಾಲನಿಗೆ ಯಾರು ಕೊಡುತ್ತಾರೆ ಎಂಬುದನ್ನು ಗಿರಣಿ ಮಾಲೀಕರೂ ಕಾರ್ಮಿಕ ಇಲಾಖೆಯೂ ಕೂತು ತೀರ್ಮಾನಿಸಬೇಕು.