ಸ್ಟೇಜ್: ಕ್ಯಾನ್ಸರ್ ವರದಿಯ ಆ ಸಂಖ್ಯೆ ಹೇಳುವುದೇನು?

ಮಲೆನಾಡಿನ ಮನೆಯೊಂದರಲ್ಲಿ ಯಾರಿಗಾದರೂ ಕ್ಯಾನ್ಸರ್ ಎಂದು ಗೊತ್ತಾದರೆ, ನೋಡಲು ಬಂದ ನೆಂಟರು ಜಗಲಿ ಹತ್ತಿದ ಕೂಡಲೇ ಕೇಳುವ ಪ್ರಶ್ನೆ ಒಂದೇ: 'ಯಾವ ಸ್ಟೇಜ್ ಅಂತೆ?' ಒಳಗೆ ಮಲಗಿದವರಿಗೂ ಅದು ಕೇಳಿಸುತ್ತದೆ. 'ಮೂರನೆಯದು' ಎಂಬ ಉತ್ತರ ಬಂದರೆ ಮಾತು ನಿಂತುಹೋಗುತ್ತದೆ. ಆ ಮೌನದಿಂದ ರೋಗಿಗೆ ಆಗುವ ಹಾನಿ ಸಣ್ಣದಲ್ಲ.

ಸ್ಟೇಜ್ ಅಥವಾ ಹಂತ ಎಂದರೆ, ರೋಗ ಪತ್ತೆಯಾದ ಹೊತ್ತಿಗೆ ಅದು ದೇಹದಲ್ಲಿ ಎಲ್ಲಿಯವರೆಗೆ ಹಬ್ಬಿದೆ ಎಂಬುದರ ಅಳತೆ. ಇನ್ನೆಷ್ಟು ದಿನ ಬದುಕುತ್ತಾರೆ ಎಂಬ ಲೆಕ್ಕ ಅದಲ್ಲ. ಅಡಿಕೆಗೆ ಕೊಳೆರೋಗ ಬಿದ್ದಾಗ ಒಂದೇ ಗೊನೆಯಲ್ಲಿದೆಯೋ, ಅಕ್ಕಪಕ್ಕದ ಮರಗಳಿಗೂ ದಾಟಿದೆಯೋ, ಆಚೆಯ ತೋಟವನ್ನೂ ಸೇರಿದೆಯೋ ಎಂದು ನೋಡಿಕೊಂಡೇ ಮುಂದಿನ ಯೋಚನೆ ಮಾಡುತ್ತೇವಲ್ಲ, ವೈದ್ಯರು ಮಾಡುವುದೂ ಅದನ್ನೇ.

ಒಂದು ವರದಿಯನ್ನು ಹತ್ತಿರದಿಂದ ನೋಡೋಣ. ವರ್ಷಗಟ್ಟಲೆ ಕವಳ (ಎಲೆಅಡಿಕೆ) ಹಾಕಿದವರೊಬ್ಬರ ಕೆನ್ನೆಯ ಒಳಬದಿಯಲ್ಲಿ ಮಾಯದ ಹುಣ್ಣು. ವರದಿಯಲ್ಲಿ 'ಟಿ2 ಎನ್1 ಎಂ0' ಎಂದಿದೆ. 'ಟಿ' ಗಡ್ಡೆಯನ್ನು ಕುರಿತದ್ದು. ಬಾಯಿಯ ಕ್ಯಾನ್ಸರಿನಲ್ಲಿ ಅದರ ಅಗಲವನ್ನೂ ಆಳವನ್ನೂ ನೋಡುತ್ತಾರೆ. ಇಲ್ಲಿ ಅಗಲ 2 ಸೆಂಟಿಮೀಟರ್ ದಾಟಿದೆ, 4 ಮೀರಿಲ್ಲ. 'ಎನ್' ದುಗ್ಧ ಗ್ರಂಥಿಗಳದ್ದು (ಲಿಂಫ್ ನೋಡ್). ಅದೇ ಬದಿಯ ಕುತ್ತಿಗೆಯ ಒಂದು ಸಣ್ಣ ಗ್ರಂಥಿಗೆ ರೋಗ ತಲುಪಿದೆ. 'ಎಂ' ಎಂದರೆ ದೂರದ ಅಂಗಗಳು. ಶ್ವಾಸಕೋಶಕ್ಕಾಗಲಿ ಮೂಳೆಗಾಗಲಿ ಹೋಗಿಲ್ಲ, ಆದ್ದರಿಂದ ಸೊನ್ನೆ. ಈ ಮೂರನ್ನೂ ಕೂಡಿಸಿ ಓದಿದರೆ 3ನೇ ಹಂತ. ಜಗಲಿಯಲ್ಲಿ ಕುಳಿತವರನ್ನು ಬೆಚ್ಚಿಬೀಳಿಸಿದ ಸಂಖ್ಯೆ ಇದೇ. ಆದರೆ ವೈದ್ಯರು ಇಂಥವರಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಮಾಡಿ, ಅಗತ್ಯ ನೋಡಿಕೊಂಡು ರೇಡಿಯೇಷನ್ ಕೊಡುವುದು ಗುಣಪಡಿಸುವ ಗುರಿಯಿಂದಲೇ.

ಅಂಗ ಬದಲಾದರೆ ಸಂಖ್ಯೆಯ ಅರ್ಥವೂ ಬದಲಾಗುತ್ತದೆ. ಥೈರಾಯ್ಡ್‌ನಲ್ಲಿ ಹೆಚ್ಚಾಗಿ ಕಾಣುವ ಪ್ಯಾಪಿಲರಿ ಎಂಬ ಬಗೆಯಲ್ಲಿ, 55 ವರ್ಷದೊಳಗಿನವರಿಗೆ ರೋಗ ಶ್ವಾಸಕೋಶಕ್ಕೆ ಹೋಗಿದ್ದರೂ 2ನೇ ಹಂತ ಎಂದೇ ಬರೆಯುತ್ತಾರೆ. ರಕ್ತದ ಕ್ಯಾನ್ಸರಿಗೆ ಈ ಟಿ-ಎನ್-ಎಂ ಪದ್ಧತಿಯೇ ಹೊಂದುವುದಿಲ್ಲ. ಹೀಗಿರುವಾಗ ಪಕ್ಕದೂರಿನ ಯಾರದೋ ಮೂರನೇ ಸ್ಟೇಜನ್ನು ನಮ್ಮ ಮನೆಯವರ ಮೂರನೇ ಸ್ಟೇಜಿನ ಜೊತೆ ತಾಳೆ ಹಾಕುವುದರಲ್ಲಿ ಅರ್ಥವಿಲ್ಲ.

ಗ್ರೇಡ್ ಬೇರೆ, ಸ್ಟೇಜ್ ಬೇರೆ. ಗ್ರೇಡ್ ಹೇಳುವುದು ಸೂಕ್ಷ್ಮದರ್ಶಕದಲ್ಲಿ ಕಂಡ ಜೀವಕೋಶಗಳ ಸ್ವಭಾವವನ್ನು. ಬಯಾಪ್ಸಿ, ಅಂದರೆ ಗಡ್ಡೆಯ ತುಣುಕು ತೆಗೆದು ಮಾಡುವ ಪರೀಕ್ಷೆಯ ವರದಿಯಲ್ಲಿರುವ 'ಗ್ರೇಡ್ 3' ಎಂಬುದನ್ನು ಮೂರನೇ ಹಂತ ಎಂದು ಓದಿಕೊಂಡು ಅತ್ತ ಮನೆಗಳಿವೆ. ಬಯಾಪ್ಸಿ ಬಗ್ಗೆ ಇನ್ನೊಂದು ಮಾತು: 'ಚಾಕು ತಾಗಿದರೆ ಗಡ್ಡೆ ಕೆರಳಿ ಹರಡುತ್ತದೆ' ಎಂಬ ಹೆದರಿಕೆಗೆ ಆಧಾರವಿಲ್ಲ. ಬಯಾಪ್ಸಿ ತಪ್ಪಿಸಿಕೊಂಡು ಕಷಾಯ ಕುಡಿಯುತ್ತಾ ತಿಂಗಳು ಕಳೆದರೆ ಎರಡನೆಯದು ನಾಲ್ಕನೆಯದಾಗಬಹುದು. ನಾಟಿ ಔಷಧಿಯ ಮೇಲೆ ನಂಬಿಕೆ ಇರುವವರು ಅದನ್ನು ವೈದ್ಯರಿಂದ ಮುಚ್ಚಿಡಬಾರದು, ಚಿಕಿತ್ಸೆಯನ್ನಂತೂ ಮುಂದೂಡಲೇಬಾರದು.

ತಂಬಾಕು ಸೇರಿಸದಿದ್ದರೆ ಕವಳದಿಂದ ತೊಂದರೆಯಿಲ್ಲ ಎಂದು ನಮ್ಮಲ್ಲಿ ಹಲವರು ನಂಬಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ನಮ್ಮ ಊರುಗಳಿಗೆ ಅನ್ನ ಕೊಡುವ ಬೆಳೆಯ ಬಗ್ಗೆ ಇದನ್ನು ಬರೆಯುವುದು ಕಷ್ಟ, ಆದರೂ ಬರೆಯಬೇಕು. ಬಾಯಿಹುಣ್ಣು ಎರಡು ಮೂರು ವಾರಕ್ಕೂ ಮಾಯದಿದ್ದರೆ, ಬಾಯಿ ಮೊದಲಿನಷ್ಟು ತೆರೆಯದಿದ್ದರೆ ತಡಮಾಡದೆ ತೋರಿಸಿ.

'ಅಮ್ಮನಿಗೆ ಹೇಳಬೇಡಿ ಡಾಕ್ಟ್ರೇ' ಎಂದು ಮಕ್ಕಳು ಬಾಗಿಲ ಹೊರಗೇ ಬೇಡಿಕೊಳ್ಳುತ್ತಾರೆ. ಅದರ ಹಿಂದಿರುವುದು ಪ್ರೀತಿಯೇ. ಆದರೆ ಕೂದಲು ಉದುರತೊಡಗಿದ ದಿನ ಅಮ್ಮನಿಗೆ ಎಲ್ಲವೂ ತಿಳಿದಿರುತ್ತದೆ, ಮನಬಿಚ್ಚಿ ಮಾತನಾಡಲು ಮಾತ್ರ ಯಾರೂ ಇರುವುದಿಲ್ಲ. ಎಷ್ಟು ತಿಳಿಯಬೇಕು ಎಂದು ಅವರನ್ನೇ ಕೇಳುವುದು ಮೇಲು. ವೈದ್ಯರ ಕೋಣೆಗೆ ಹೋಗುವಾಗ ಗಾಬರಿಯಾಗದ ಒಬ್ಬರು ಜೊತೆಗಿದ್ದು ಬರೆದುಕೊಳ್ಳಲಿ: ಹಂತ ಯಾವುದು, ಚಿಕಿತ್ಸೆಯ ಗುರಿ ಗುಣಪಡಿಸುವುದೋ ಹತೋಟಿಯಲ್ಲಿಡುವುದೋ, ನೋವಿಗೆ ಏನು ಕೊಡುತ್ತೀರಿ? ನಾಲ್ಕನೇ ಹಂತದಲ್ಲೂ ನೋವು ನೀಗಿಸುವ ಆರೈಕೆ ಇದೆ. 'ಇನ್ನೇನೂ ಮಾಡಲಾಗದು' ಎಂಬ ಮಾತನ್ನು ಒಪ್ಪಿಕೊಳ್ಳಬೇಡಿ. ರಾತ್ರಿ ನಿದ್ದೆ ಬಾರದೆ ಮನಸ್ಸು ಕುಸಿದರೆ ರೋಗಿಯಾಗಲಿ ಆರೈಕೆ ಮಾಡುವವರಾಗಲಿ 14416ಕ್ಕೆ ಕರೆ ಮಾಡಬಹುದು. ಅದು ಟೆಲಿ ಮಾನಸ್ ಎಂಬ ಉಚಿತ ಸರ್ಕಾರಿ ಸಹಾಯವಾಣಿ, ಕನ್ನಡದಲ್ಲೇ ಮಾತನಾಡುತ್ತಾರೆ.

ದುಡ್ಡಿನ ಚಿಂತೆ ಮೊದಲ ದಿನವೇ ಶುರುವಾಗುತ್ತದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ರೇಷನ್ ಕಾರ್ಡ್, ಆಧಾರ್ ಹಿಡಿದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಈ ಯೋಜನೆಗೆಂದೇ ಇರುವ ಆರೋಗ್ಯಮಿತ್ರರನ್ನು ವಿಚಾರಿಸಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿಬರಬೇಕಾದವರು ಅಲ್ಲಿಂದ ರೈಲ್ವೆಯ ನಮೂನೆಯಲ್ಲಿ ಪ್ರಮಾಣಪತ್ರ ಬರೆಸಿಕೊಳ್ಳಿ. ಚಿಕಿತ್ಸೆಗೆಂದು ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಟಿಕೆಟ್ ಪೂರ್ತಿ ಉಚಿತ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75 ರಿಯಾಯಿತಿ.