ಇಗರ್ಜಿಯ ರಿಜಿಸ್ಟರ್, ಕೋರ್ಟಿನ ತೀರ್ಪು

ಚಿಕ್ಕಮಗಳೂರು ಕಡೆಯ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಮದುವೆ ಪೂಜೆ ಮುಗಿದರೂ ಮದುಮಗಳು ತಕ್ಷಣ ಹೊರಗೆ ಬರುವ ಹಾಗಿಲ್ಲ. ಪಕ್ಕದ ಮೇಜಿನ ಮೇಲೆ ಅಗಲವಾದ ರಿಜಿಸ್ಟರ್ ತೆರೆದಿಟ್ಟಿರುತ್ತಾರೆ. ಕೈಯಲ್ಲಿದ್ದ ಹೂವನ್ನು ಗೆಳತಿಗೆ ಕೊಟ್ಟು, ಸೆರಗು ಸರಿಮಾಡಿಕೊಂಡು ಬಗ್ಗಿ ಸಹಿ ಹಾಕುತ್ತಾಳೆ. ಆಮೇಲೆ ಗಂಡು, ಇಬ್ಬರು ಸಾಕ್ಷಿಗಳು, ಕೊನೆಗೆ ಫಾದರ್. ಅಷ್ಟು ಹೊತ್ತಿಗೆ ಆ ಮದುವೆ ಸರ್ಕಾರದ ಲೆಕ್ಕಕ್ಕೂ ಸೇರಿತು.

ಎಷ್ಟೋ ಕ್ರೈಸ್ತರು, "ನಮ್ಮದು ಧರ್ಮ ಅಲ್ಲ, ಯೇಸುವಿನ ಜೊತೆಗಿನ ಸಂಬಂಧ" ಅನ್ನುತ್ತಾರೆ. ಆ ನಂಬಿಕೆ ದೊಡ್ಡದು. ಆದರೆ ಕಾನೂನಿಗೆ ಮನಸ್ಸಿನ ಒಳಗೆ ಇಣುಕಲು ಆಗಲ್ಲ ಅಲ್ವಾ? ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬಲು, ಆಚರಿಸಲು, ಸಾರಲು ಹಕ್ಕು ಕೊಟ್ಟಿದೆ. ಧರ್ಮ ಅಂದರೆ ಏನು ಅಂತ ಮಾತ್ರ ಹೇಳಿಲ್ಲ. ಅದನ್ನು ಬಿಡಿಸಿ ಹೇಳಿದ್ದು 1954ರಲ್ಲಿ, ಉಡುಪಿಯ ಶಿರೂರು ಮಠದ ಕೇಸಿನಲ್ಲಿ. ತತ್ವದ ಜೊತೆ ಆಚರಣೆಯೂ ಧರ್ಮವೇ ಎಂದಿತು ಸುಪ್ರೀಂ ಕೋರ್ಟ್. ಘಟ್ಟದ ಕೆಳಗಿನ ಮಠದ ಕೇಸಲ್ಲಿ ಬಂದ ಮಾತು ಘಟ್ಟದ ಮೇಲಿನ ಇಗರ್ಜಿಗಳನ್ನೂ ಕಾಯುತ್ತಿದೆ.

ಮದುವೆಯ ವಿಷಯಕ್ಕೆ ಬಂದರೆ ಕತೆ ಇನ್ನೂ ಹಳೆಯದು. ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ 1872ರದ್ದು. ಬೆಳಿಗ್ಗೆ 6ರಿಂದ ಸಂಜೆ 7ರ ಒಳಗೆ ಮದುವೆ ಆಗಬೇಕು, ಹೊತ್ತು ಮೀರಿದರೆ ವಿಶೇಷ ಅನುಮತಿ ಬೇಕು ಅಂತಲೂ ಅದರಲ್ಲಿದೆ. ಅದಕ್ಕೂ ಮೊದಲಿನ 1869ರ ವಿಚ್ಛೇದನ ಕಾಯ್ದೆ ಹೆಂಗಸರಿಗೆ ಘೋರ ಅನ್ಯಾಯ ಮಾಡಿತ್ತು. ಹೆಂಡತಿಗೆ ಬೇರೆ ಸಂಬಂಧವಿದೆ ಎಂದು ತೋರಿಸಿದರೆ ಗಂಡನಿಗೆ ವಿಚ್ಛೇದನ ಸಿಗುತ್ತಿತ್ತು. ಹೆಂಡತಿಗೆ ಅಷ್ಟು ಸಾಲದು, ಅದರ ಜೊತೆ ಹಿಂಸೆಯನ್ನೋ ಬಿಟ್ಟುಹೋಗಿದ್ದನ್ನೋ ಸಾಬೀತು ಮಾಡಬೇಕಿತ್ತು. ಈ ಸಾಲನ್ನು ಸಂಸತ್ತು ತಿದ್ದಿದ್ದು 2001ರಲ್ಲಿ. 132 ವರ್ಷ! ಒಪ್ಪಿಕೊಂಡು ಬೇರೆಯಾಗುವ ದಾರಿ ಬಂದಿದ್ದೂ ಆಗಲೇ.

ಈಗಲೂ ಜನ ಜಾಸ್ತಿ ಎಡವುವುದು ಇನ್ನೊಂದು ಕಡೆ. ಕ್ಯಾಥೊಲಿಕರಲ್ಲಿ ಚರ್ಚಿಗೆ ತನ್ನದೇ ನ್ಯಾಯಮಂಡಳಿ ಇರುತ್ತದೆ. ಈ ಮದುವೆ ಮೊದಲಿಂದಲೇ ಸಿಂಧುವಾಗಿರಲಿಲ್ಲ ಅಂತ ಅದು ತೀರ್ಪು ಕೊಡಬಹುದು. ಆ ಕಾಗದ ಕೈಗೆ ಬಂದ ಮೇಲೆ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿದಿರುವುದಿಲ್ಲ. ಕೋರ್ಟಿನ ತೀರ್ಪು ಬರುವ ತನಕ ಕಾನೂನಿನ ಲೆಕ್ಕದಲ್ಲಿ ಆ ಮದುವೆ ಹಾಗೇ ಇರುತ್ತದೆ. ಕೇರಳದ ಮೋಲಿ ಜೋಸೆಫ್ ಕೇಸಿನಲ್ಲಿ 1996ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿತು. ಚರ್ಚಿನ ತೀರ್ಪಿಗೂ ಮಾನ್ಯತೆ ಕೊಡಿ ಎಂದು ಮಂಗಳೂರಿನ ಕ್ಲಾರೆನ್ಸ್ ಪಾಯಸ್ ಅದೇ ಕೋರ್ಟಿಗೆ ಹೋಗಿದ್ದರು. 2017ರಲ್ಲಿ ಆ ಅರ್ಜಿಯೂ ಬಿದ್ದುಹೋಯಿತು.

ಇದು ಸರಿ ಅಂತಲೇ ನನಗೆ ಅನಿಸುತ್ತದೆ. ಚರ್ಚಿನ ಮಂಡಳಿ ಆತ್ಮಸಾಕ್ಷಿಯ ಪ್ರಶ್ನೆ ಬಿಡಿಸಬಲ್ಲದು. ಜೀವನಾಂಶ ಕೊಡಿಸುವುದು, ಮಗು ಯಾರ ಹತ್ತಿರ ಇರಬೇಕೆಂದು ಆದೇಶ ಮಾಡುವುದು ಅದರ ಕೈಲಿಲ್ಲ. ತವರಿಗೆ ಬಂದು ಕೂತ ಹೆಣ್ಣುಮಗಳಿಗೆ ಮೊದಲು ಬೇಕಿರುವುದೇ ಅವೆರಡು.

ಹಾಗಾಗಿ ಕ್ಯಾಥೊಲಿಕರು ಇನ್ನೊಂದು ಮದುವೆಗೆ ಹೊರಟರೆ ಎರಡು ಕಾಗದ ಬೇಕು, ಚರ್ಚಿನದೊಂದು, ಕೋರ್ಟಿನದೊಂದು. ಕೋರ್ಟಿನದು ಇಲ್ಲದಿದ್ದರೆ ಆ ರಿಜಿಸ್ಟರಿನಲ್ಲಿ ಎರಡನೇ ಸಲ ಹಾಕಿದ ಸಹಿ ನಿಲ್ಲುವುದಿಲ್ಲ. ಮೇಲೆ, ಮೊದಲ ಮದುವೆ ಇರುವಾಗಲೇ ಮತ್ತೊಂದು ಮಾಡಿಕೊಂಡ ಅಪರಾಧವೂ ತಲೆಗೆ ಬರಬಹುದು.